ಒತ್ತಿದ್ದು ಗೊತ್ತಾಯಿತು

ಫೆಬ್ರವರಿ 3, ಸೋಮವಾರ

ನೂರಕ್ಕೆ ತೊಂಬತ್ತಾರು! ನನ್ನ ಇಡೀ ವಿದ್ಯಾರ್ಥಿಜೀವನದಲ್ಲಿ ನನಗೆ ಬಾರದ ಅಂಕ ನಮ್ಮ ಆಸ್ಪತ್ರೆಯ ವೆಬ್‌ಸೈಟಿಗೆ ಬಂದುಬಿಟ್ಟಿದೆ. ಯಾವುದೋ ವೇಗದ ಪರೀಕ್ಷೆಯಂತೆ. ಮುಖ್ಯಸ್ಥರು ಆ ಅಂಕವನ್ನು ಮೊರದಗಲ ಅಚ್ಚು ಹಾಕಿಸಿ, ಚೌಕಟ್ಟು ಕಟ್ಟಿಸಿ, ಲಿಫ್ಟಿನ ಪಕ್ಕ ತೂಗುಹಾಕಿಸಿದ್ದಾರೆ. ಜಾಗದ ಆಯ್ಕೆ ಸರಿಯಾಗಿದೆ. ನಮ್ಮ ಲಿಫ್ಟ್ ಕೆಳಗಿಳಿದು ಬರುವಷ್ಟರಲ್ಲಿ ಯಾರು ಬೇಕಾದರೂ ಅದನ್ನು ಬಾಯಿಪಾಠ ಮಾಡಬಹುದು.

"ಇದರ ಕೆಳಗೊಂದು ಒಳ್ಳೆ ಮಾತು ಬರೀರಿ. ನೀವು ಸಾಹಿತ್ಯ ಓದಿದೋರು" ಎಂದರು.

"'ವೇಗವೇ ವೈದ್ಯ' ಅಂತ ಹಾಕೋಣ್ವಾ ಸರ್?"

"ಭೇಷ್!"

ನಾನು ಗೇಲಿ ಮಾಡಿದ್ದು. ಮಧ್ಯಾಹ್ನಕ್ಕೆ ಅಚ್ಚಾಗಿ ಬಂತು. ನನ್ನ ವ್ಯಂಗ್ಯಕ್ಕೆ ಈ ಕಟ್ಟಡದಲ್ಲಿ ಒಂದೇ ಗತಿ, ಗೋಡೆ ಹತ್ತುವುದು. ಇನ್ನು ಮೇಲೆ ಮುಖ್ಯಸ್ಥರಿಗೆ ಇಲ್ಲಿ ತೊಂಬತ್ತಾರು ಅಂತಲೇ ಹೆಸರು.

ಪ್ರಕಟಣಾಧಿಕಾರಿ ಅನ್ನುವ ನನ್ನ ಹುದ್ದೆ ಕೇಳುವುದಕ್ಕೆ ಭರ್ಜರಿ. "ಮೌನವಾಗಿರಿ" ಫಲಕದಿಂದ ಹಿಡಿದು ವೆಬ್‌ಸೈಟಿನ ಕೊನೆಯ ಸಾಲಿನವರೆಗೆ ಈ ಆಸ್ಪತ್ರೆಯ ಪದಗಳೆಲ್ಲ ನನ್ನವು. ದೂರುಗಳಿಗೆ ಉತ್ತರ ಬರೆಯುವ ಭಾಗ್ಯವೂ ನನ್ನದೇ. ಇವತ್ತು ಬಂದವೆಲ್ಲ ಕೈ ಚಿಕಿತ್ಸೆಯ ಕೊಠಡಿಯವು. ವೆಬ್‌ಸೈಟಿನಲ್ಲಿ ಸರದಿ ಸಿಗುತ್ತಿಲ್ಲ, ಒತ್ತಿದರೆ ಏನೂ ಆಗುವುದಿಲ್ಲ, ಇನ್ನೊಮ್ಮೆ ಒತ್ತುವಷ್ಟರಲ್ಲಿ ಯಾರೋ ಕಸಿದುಕೊಂಡಿರುತ್ತಾರೆ. ಎಲ್ಲರಿಗೂ ಒಂದೇ ಉತ್ತರ ಅಂಟಿಸಿದೆ: "ದಯವಿಟ್ಟು ಮರಳಿ ಪ್ರಯತ್ನಿಸಿ." ನನ್ನ ಮೇಜಿನ ಮೇಲಿರುವುದು ದೂರವಾಣಿಯಲ್ಲ, ದೂರುವಾಣಿ. ಜನಕ್ಕೆ ತಾಳ್ಮೆ ಅನ್ನುವುದೇ ಇಲ್ಲ.

ಮನೆಗೆ ಬಂದರೆ ಅದೇ ದೂರು ಸೋಫಾದ ಮೇಲೆ ಕೂತಿದೆ. ಅಕ್ಕ.

ಅವಳ ಅಂಗಡಿಯ ಗಾಜಿನ ಬಾಗಿಲು ಒಡೆದು ಬಲಗೈ ಕೊಯ್ದುಹೋಗಿ, ಬೆರಳು ಮಡಚುವ ಒಳಗಿನ ಹುರಿಗಳನ್ನು ನಮ್ಮ ಆಸ್ಪತ್ರೆಯಲ್ಲೇ ಹೊಲಿದು ಜೋಡಿಸಿದರು. "ಇಷ್ಟು ವರ್ಷ ಊರಿಗೆಲ್ಲ ಬಟ್ಟೆ ಹೊಲಿದೆ ಕಣೋ, ಈಗ ನನ್ನನ್ನೇ ಹೊಲಿದ್ರು" ಎನ್ನುತ್ತಾಳೆ. ಕೈಯ ಹೊಲಿಗೆ ನಿಂತಿದೆ, ಅಂಗಡಿಯ ಹೊಲಿಗೆಯೂ ನಿಂತಿದೆ. ಆದಷ್ಟು ಬೇಗ ಕೈ ಚಿಕಿತ್ಸೆ ಶುರುವಾಗಿ ಬೆರಳು ಪಳಗದಿದ್ದರೆ ಹುರಿಗಳು ಒಳಗೇ ಅಂಟಿಕೊಂಡುಬಿಡುತ್ತವೆ, ಆಮೇಲೆ ಕತ್ತರಿಯನ್ನು ಮರೆಯಬಹುದು ಎಂದಿದ್ದಾರೆ ಶಸ್ತ್ರಚಿಕಿತ್ಸಕರು.

"ಇವತ್ತೂ ಸಿಗಲಿಲ್ಲ. ನನ್ನ ಮೂಗಿನ ಕೆಳಗಿನಿಂದ ಯಾರೋ ಎತ್ತಿಕೊಂಡು ಹೋದ್ರು."

ಮರಳಿ ಪ್ರಯತ್ನಿಸು ಎಂದೆ. ಅಭ್ಯಾಸಬಲ.

ಫೆಬ್ರವರಿ 5, ಬುಧವಾರ

ಬೆಳಿಗ್ಗೆ ಎಂಟಕ್ಕೆ ಮರುದಿನದ ಸರದಿಗಳು ತೆರೆಯುತ್ತವೆ. ಅಕ್ಕ ಏಳೂವರೆಗೇ ತನ್ನ ಹಳೇ ಫೋನನ್ನು ಮೇಜಿನ ಮೇಲಿಟ್ಟು, ಕಟ್ಟು ಹಾಕಿದ ಬಲಗೈಯನ್ನು ದಿಂಬಿನ ಮೇಲೆ ಮಲಗಿಸಿ, ಎಡಗೈ ಹೆಬ್ಬೆರಳನ್ನು ಬಂದೂಕಿನ ಕುದುರೆಯ ಮೇಲಿಟ್ಟವಳಂತೆ ಕಾಯುತ್ತಾಳೆ.

"ಕೊಡು ಇಲ್ಲಿ, ನಾನು ಒತ್ತುತ್ತೀನಿ."

"ನನ್ನ ಹಾಲಿಗೆ ಸಕ್ಕರೆ ಹಾಕೋನು ನೀನು, ಬಾಟಲಿ ಮುಚ್ಚಳ ತೆಗೆಯೋನು ನೀನು. ಇದೊಂದಾದ್ರೂ ನನಗೆ ಬಿಡೋ. ಎಡಗೈ ಇನ್ನೂ ನನ್ನದೇ."

ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. "ಲಭ್ಯವಿಲ್ಲ." ಆ ಕಾಣದ ಕಳ್ಳನ ಏಳು ತಲೆಮಾರನ್ನೂ ಬೈದು ಮುಗಿಸುವಷ್ಟರಲ್ಲಿ ಉಳಿದ ಸರದಿಗಳೂ ಹೋಗಿದ್ದವು.

ಆ ಬಟನ್ನಿನ ಮೇಲೆ "ಸರದಿ ಕಾದಿರಿಸಿ" ಎಂದು ಬರೆದವನು ನಾನೇ. ಎಂಥ ಪದ! ಮೊದಲು ಕಾಯಿಸುತ್ತದೆ, ಆಮೇಲೆ ಇರಿಯುತ್ತದೆ.

ಶಿಫಾರಸಿಗೂ ದಾರಿ ಇಲ್ಲ. ಹಿಂದೆ ಕಿಟಕಿಯಲ್ಲಿ ಸರದಿ ಕೊಡುವಾಗ ದಲ್ಲಾಳಿಗಳು ಸೇರಿಕೊಂಡರೆಂದು ಎಲ್ಲವನ್ನೂ ವೆಬ್‌ಸೈಟಿಗೆ ಹಾಕಿದ್ದಾರೆ. "ಸಿಬ್ಬಂದಿಯ ಬಂಧುಗಳಿಗೂ ಇದೇ ದಾರಿ" ಎಂಬ ಫಲಕ ಯಾರ ಕೈಬರಹ ಅಂತ ಕೇಳಲೇಬೇಡ, ಮನವೇ.

ಅಕ್ಕ ಎಡಗೈಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಹಚ್ಚುವುದನ್ನು ನೋಡುತ್ತಾ ನಿಲ್ಲಲಾಗದೆ ಕಸಿದು ನಾನೇ ಹಚ್ಚಿದೆ. ಆಫೀಸಿಗೆ ಹೊತ್ತಾಗಿತ್ತು. ಮುಖ ಊದಿಸಿಕೊಂಡಳು. ಉಪಕಾರಕ್ಕೆ ಕಾಲವಿಲ್ಲ.

ಫೆಬ್ರವರಿ 8, ಶನಿವಾರ

ವೆಬ್‌ಸೈಟನ್ನು ನೋಡಿಕೊಳ್ಳುವ ಪ್ರೋಗ್ರಾಮರ್ ಹುಡುಗಿ ನೆಲಮಾಳಿಗೆಯಲ್ಲಿ ಕೂರುತ್ತಾಳೆ. ಕಿವಿಗಳ ಮೇಲೆ ಸದಾ ಹೆಡ್‌ಫೋನಿನ ಎರಡು ದೊಡ್ಡ ಬಟ್ಟಲುಗಳು. ನಾನಿಟ್ಟ ಹೆಸರು ಕಿವಿಮುಚ್ಚಿ. ಮೂರು ಸಲ ಕರೆದು, ಕೊನೆಗೆ ಕಣ್ಣೆದುರು ಕೈಬೀಸಿದ ಮೇಲೆ ಬಟ್ಟಲು ತೆಗೆದಳು.

"ತೊಂಬತ್ತಾರು ಅಂದ್ರೆ ಏನನ್ನ ಅಳೆದಿದ್ದಮ್ಮ?" ಎಂದೆ.

"ಮುಖ್ಯವಾಗಿ ಪುಟ ಎಷ್ಟು ಬೇಗ ಕಣ್ಣಿಗೆ ಬೀಳುತ್ತೆ ಅಂತ ಸರ್. ಅದರಲ್ಲೂ ಪರದೆ ಮೇಲಿರೋ ಅತಿ ದೊಡ್ಡ ವಸ್ತು ಎಷ್ಟು ಹೊತ್ತಿಗೆ ಮೂಡುತ್ತೆ ಅಂತ. ಎರಡೂವರೆ ಸೆಕೆಂಡಿನೊಳಗೆ ಬಂದ್ರೆ ಒಳ್ಳೇದು."

"ನಮ್ಮ ಪುಟದಲ್ಲಿ ಅತಿ ದೊಡ್ಡ ವಸ್ತು ಯಾವುದು?"

ಅವಳು ಪರದೆ ತಿರುಗಿಸಿದಳು. ಮುಖ್ಯಸ್ಥರ ನಗುವ ಫೋಟೊ.

ಅಂದರೆ ಇಡೀ ಆಸ್ಪತ್ರೆ ಸಂಭ್ರಮಪಟ್ಟದ್ದು ಅವರ ಮುಖ ಬೇಗ ಕಾಣಿಸುತ್ತದೆ ಎಂದು! ಮುಖಪುಟ ಅನ್ನುವ ಪದಕ್ಕೆ ಇದಕ್ಕಿಂತ ಶುದ್ಧ ಅರ್ಥ ಯಾವ ನಿಘಂಟಿನಲ್ಲೂ ಸಿಗದು. "ಫೋಟೊದ ತೂಕ ಇಳಿಸಿದ್ದೇ ಅಂಕ ಏರಿತು" ಎಂದಳು. ಅವರ ತೂಕ ಇಳಿಸುವುದು ಬೇರೆ ಯಾವ ವಿಭಾಗಕ್ಕೂ ಆಗಿರಲಿಲ್ಲ.

ಇನ್ನೂ ಎರಡು ಅಳತೆಗಳಿವೆಯಂತೆ. ಓದುತ್ತಿರುವಾಗ ಪುಟದ ಸಾಮಾನುಗಳು ಎಷ್ಟು ಜಿಗಿದಾಡುತ್ತವೆ ಅನ್ನುವುದು ಒಂದು. ಒತ್ತಿದ ಮೇಲೆ ಪರದೆಯಲ್ಲಿ ಏನಾದರೂ ಬದಲಾಗಲು ಎಷ್ಟು ಹೊತ್ತು ಅನ್ನುವುದು ಇನ್ನೊಂದು. ಒಂದು ಸೆಕೆಂಡಿನ ಐದನೇ ಒಂದು ಪಾಲಿನೊಳಗೆ ಆಗಬೇಕು.

"ಅದರಲ್ಲಿ ನಮಗೆಷ್ಟು ಬಂದಿದೆ?"

"ಈ ಪರೀಕ್ಷೆ ಯಂತ್ರ ಮಾಡೋದು ಸರ್. ಯಂತ್ರ ಪುಟ ತೆರೆದು ನೋಡುತ್ತೆ, ಏನನ್ನೂ ಒತ್ತಲ್ಲ. ಒತ್ತೋರ ಲೆಕ್ಕ ಬೇಕಂದ್ರೆ ನಿಜವಾದ ಜನರ ಫೋನಿಂದ ಬರಬೇಕು. ಆ ವರದೀನೂ ಇದೆ. ಆದ್ರೆ ಕೈ ಕೊಠಡಿ ಪುಟಕ್ಕೆ ಬರೋರು ಕಡಿಮೆ, ಅದಕ್ಕೆ ಬೇರೆ ಲೆಕ್ಕ ಕೊಡಲ್ಲ, ಇಡೀ ಸೈಟಿನದ್ದು ಒಟ್ಟಿಗೆ ಕೊಡ್ತಾರೆ. ರೋಗಿಗಳನ್ನ ನೋಡೋ ಸಮಯ ಎಷ್ಟು ಅಂತ ಓದಿ ಹೋಗೋರೇ ಜಾಸ್ತಿ. ನಾಲ್ವರಲ್ಲಿ ಮೂವರಿಗೆ ಚೆನ್ನಾಗಿದ್ರೆ ಚೆನ್ನಾಗಿದೆ ಅಂತ."

"ನಾಲ್ಕನೆಯವರು?"

"ಅವರು ನಿಮಗೆ ಈಮೇಲ್ ಬರೀತಾರೆ ಸರ್."

ಬಟ್ಟಲು ಮತ್ತೆ ಕಿವಿಗೇರಿತು.

ಫೆಬ್ರವರಿ 11, ಮಂಗಳವಾರ

ತಲೆ ಕೆಟ್ಟುಹೋಗಿದೆ. ಸರದಿ ಸಿಗದೆ ಜನ ಅಳುತ್ತಿದ್ದಾರಲ್ಲ, ಕೈ ಕೊಠಡಿ ಎಷ್ಟು ಗಿಜಿಗುಟ್ಟುತ್ತಿರಬಹುದು ಎಂದು ನೋಡಹೋದರೆ, ಚಿಕಿತ್ಸಕಿ ಒಬ್ಬರೇ ಕೂತು ಟವೆಲು ಮಡಚುತ್ತಿದ್ದಾರೆ! ಬೆಂಚು ಖಾಲಿ. ಬಿಗಿದ ಕೈಗಳನ್ನು ಅದ್ದಿಸುವ ಮೇಣದ ಪಾತ್ರೆ ಬಿಸಿಯಾಗಿ ಯಾರಿಗೋ ಕಾಯುತ್ತಿದೆ.

"ಎಲ್ಲಿ ಮೇಡಂ ಜನ?"

"ನೀವೇ ಹೇಳಿ. ಬುಕ್ ಮಾಡ್ತಾರೆ, ತಕ್ಷಣ ರದ್ದು ಮಾಡ್ತಾರೆ. ರದ್ದಾದ ಸರದಿನ ಇನ್ನೊಬ್ಬರಿಗೆ ಕೊಡೋ ಹಾಗಿಲ್ಲ, ಬೀಗ ಬೀಳುತ್ತೆ. ದಲ್ಲಾಳಿಗಳು ಬುಕ್ ಮಾಡಿ ಇನ್ನೊಬ್ಬರಿಗೆ ದಾಟಿಸಬಾರದು ಅಂತ ನಿಯಮ. ನಾನು ಟವೆಲಿಗೆ ವ್ಯಾಯಾಮ ಮಾಡಿಸ್ತಿದ್ದೀನಿ."

ನನಗೆ ಎಷ್ಟು ಸಿಟ್ಟು ಬಂತೆಂದರೆ! ಒಂದು ಕಡೆ ಸರದಿ ಕೊಡಿ ಅಂತ ಗೋಳು, ಇನ್ನೊಂದು ಕಡೆ ಕೊಟ್ಟದ್ದನ್ನು ರದ್ದು ಮಾಡಿ ರದ್ದಿಗೆ ಹಾಕುವುದು. ಇಂಥವರಿಂದ ನನ್ನ ಅಕ್ಕನಿಗೆ ಇಲ್ಲ.

ತೊಂಬತ್ತಾರು ಅವರದ್ದೂ ಅದೇ ಅಭಿಪ್ರಾಯ. "ಜನಕ್ಕೆ ಆಸಕ್ತಿ ಇಲ್ಲಾರೀ. ಇಪ್ಪತ್ತಾರನೇ ತಾರೀಕು ಸಭೆ ಇದೆ. ಕೈ ಕೊಠಡಿ ಮುಚ್ಚಿ ಅತಿಥಿ ಕೊಠಡಿ ಮಾಡೋಣ ಅಂತಿದ್ದೀನಿ. ಒಂದು ಫಲಕ ಬರೆದಿಡಿ."

ಮುಚ್ಚಿದರೆ ಅಕ್ಕನ ಕೈ? ಇನ್ನೊಂದು ಕೈ ಕೊಠಡಿ ಇರುವ ಊರಿಗೆ ಅರ್ಧ ದಿನದ ಪಯಣ. ಫಲಕಕ್ಕೆ ಪದ ಸಿಗುತ್ತಿಲ್ಲ ಎಂದು ಹೇಳಿ ಬಂದೆ.

ನಾಳೆ ಸುಮ್ಮನಿರುವುದಿಲ್ಲ. ಅವಳಿಗೆ ಹೇಳದೆ ಆಫೀಸಿನ ಕಂಪ್ಯೂಟರಿನಿಂದ ಅವಳ ಹೆಸರಲ್ಲಿ ನಾನೇ ಸರದಿ ಹಿಡಿಯುತ್ತೇನೆ. ಇದೇ ದಾರಿ ಅಂತ ತಾನೇ ಫಲಕ? ಅದೇ ದಾರಿಯಲ್ಲಿ ಸ್ವಲ್ಪ ಓಡುತ್ತೇನೆ, ಅಷ್ಟೆ.

ಫೆಬ್ರವರಿ 12, ಬುಧವಾರ

ಎಂಟು ಹೊಡೆಯಿತು, ಒತ್ತಿದೆ, ಸಿಕ್ಕಿತು. ನೀರು ಕುಡಿದಷ್ಟು ಸಲೀಸು. ಅಕ್ಕ ಯಾವಾಗಲೂ ಕೇಳುವ ಬೆಳಗಿನ ಮೊದಲ ಸರದಿ. ದಿನವಿಡೀ ಶಿಳ್ಳೆ ಹಾಕಿದೆ, "ಮೌನವಾಗಿರಿ" ಫಲಕದ ಕೆಳಗೇ.

ಹೊರಡುವ ಮುಂಚೆ ಒಮ್ಮೆ ನೋಡೋಣವೆಂದು ತೆರೆದರೆ: "ರೋಗಿಯಿಂದ ರದ್ದು. ಎಂಟು ಗಂಟೆ ಒಂದು ನಿಮಿಷ."

ಮನೆಗೆ ಓಡಿದೆ.

"ಯಾಕೆ ರದ್ದು ಮಾಡಿದೆ?"

"ಏನನ್ನ?"

"ನಾಳಿನ ಸರದಿನ! ನಾನು ನಿನ್ನ ಹೆಸರಲ್ಲಿ ಹಿಡಿದಿಟ್ಟಿದ್ದೆ!"

"ನನ್ನ ಹೆಸರಲ್ಲಿ, ನನ್ನನ್ನ ಕೇಳದೆ?" ಅಕ್ಕನ ಧ್ವನಿ ತಣ್ಣಗಾಯಿತು. ಅದು ಅಪಾಯದ ಸೂಚನೆ. "ನಾನು ಯಾವ ರದ್ದೂ ಮಾಡಿಲ್ಲ. ದಿನಾ ಒತ್ತೋ ಹಾಗೆ ಒತ್ತಿದೆ. 'ಲಭ್ಯವಿಲ್ಲ' ಅಂತು. ಬೈದೆ. ಮುಗೀತು."

"ಸುಳ್ಳು ಹೇಳಬೇಡ. ಅಲ್ಲಿ ದಾಖಲಾಗಿದೆ."

"ಹಾಗಾದ್ರೆ ಹೋಗಿ ಅದನ್ನೇ ಅಕ್ಕ ಅಂತ ಕರಿ."

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಎಡಗೈಯಿಂದ ಚಿಲಕ ಹಾಕಲು ಒದ್ದಾಡುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಏಳಹೋದವನು ಮತ್ತೆ ಕೂತೆ.

ಫೆಬ್ರವರಿ 13, ಗುರುವಾರ

ಮನೆಯಲ್ಲಿ ಮೌನ. ಫಲಕವಿಲ್ಲದೆಯೇ.

ಫೆಬ್ರವರಿ 14, ಶುಕ್ರವಾರ

ಅಕ್ಕ ಒಂದು ಪದವನ್ನೂ ಆಡದೆ ತನ್ನ ಫೋನನ್ನು ನನ್ನ ಚೀಲಕ್ಕೆ ಹಾಕಿದಳು. ನೋಡಿಸಿಕೊಂಡು ಬಾ, ಆಮೇಲೆ ಸುಳ್ಳಿ ಅನ್ನು ಅಂತ ಅರ್ಥ. ಕಿವಿಮುಚ್ಚಿಯ ಎದುರು ಇಟ್ಟು ನಡೆದದ್ದನ್ನೆಲ್ಲ ಹೇಳಿದೆ. ಬಟ್ಟಲು ತಾನಾಗಿ ಕೆಳಗಿಳಿಯಿತು.

ಕೈ ಕೊಠಡಿಯ ರದ್ದತಿಗಳನ್ನೆಲ್ಲ ಪರದೆಗೆ ತಂದಳು. ಪ್ರತಿಯೊಂದೂ, ಪ್ರತಿಯೊಂದೂ, ಕಾದಿರಿಸಿದ ಒಂದೆರಡು ಸೆಕೆಂಡಿಗೇ ರದ್ದು.

"ಅಯ್ಯೋ" ಎಂದಳು. ಆಮೇಲೆ ಅಕ್ಕನ ಫೋನಿನಲ್ಲಿ ಪುಟ ತೆರೆದು ಒತ್ತಿದಳು. ನೋಡುತ್ತಾ ಕೂತೆವು. ಪುಟದ ಮೂಲೆಯಲ್ಲಿ ತೊಂಬತ್ತಾರು ಅವರ ಕನಸಿನ ಕೂಸಾದ ನರ್ಸ್ ಗೊಂಬೆ "ನಾನು ಸಹಾಯ ಮಾಡಲೇ?" ಎಂದು ಕೈಬೀಸುತ್ತಿತ್ತು. ಬಟನ್ ಮಾತ್ರ ಕಲ್ಲು.

"ಫೋನಿನೊಳಗೆ ಈ ಪುಟಕ್ಕೆ ಇರೋದು ಒಬ್ಬನೇ ಗುಮಾಸ್ತ ಅಂದ್ಕೊಳ್ಳಿ ಸರ್. ಗೊಂಬೆಗೆ ಬಟ್ಟೆ ತೊಡಿಸೋನೂ ಅವನೇ, ಪಟ್ಟಿ ಬರೆಯೋನೂ ಅವನೇ, ನೀವು ಒತ್ತಿದ್ದನ್ನ ಕೇಳಿಸ್ಕೊಳ್ಳೋನೂ ಅವನೇ. ನಮ್ಮ ಆಫೀಸ್ ಕಂಪ್ಯೂಟರಿನ ಗುಮಾಸ್ತ ಚುರುಕು. ಹಳೇ ಫೋನಿನೋನು ಪಾಪ, ಗೊಂಬೆ ಕೈ ಬೀಸಿಸೋದ್ರಲ್ಲೇ ಮುಳುಗಿರ್ತಾನೆ. ಆದ್ರೆ ಒತ್ತಿದ್ದು ಎಲ್ಲೂ ಹೋಗಿರಲ್ಲ, ಸಾಲಲ್ಲಿ ನಿಂತಿರುತ್ತೆ. ಏನೂ ಆಗ್ಲಿಲ್ಲ ಅಂತ ಜನ ಮತ್ತೆ ಒತ್ತುತ್ತಾರೆ. ಅದೂ ಸಾಲಲ್ಲಿ ನಿಲ್ಲುತ್ತೆ. ಬಿಡುವಾದ ಕೂಡ್ಲೆ ಗುಮಾಸ್ತ ಎರಡನ್ನೂ ಕೇಳಿಸ್ಕೊಳ್ತಾನೆ. ಮೊದಲ ಒತ್ತಿಗೆ ಸರದಿ ಬುಕ್. ಬುಕ್ ಆದ್ಮೇಲೆ ಅದೇ ಬಟನ್ ಒತ್ತಿದ್ರೆ..."

"ರದ್ದು."

"ರದ್ದು. ಬೀಗ. ಲಭ್ಯವಿಲ್ಲ. ಮೊನ್ನೆ ಮೊದಲ ಒತ್ತು ನಿಮ್ಮದು, ಎರಡನೇದು ಅಕ್ಕಂದು. ಅವರು ಮೊದಲೇ ತೆರೆದಿಟ್ಟ ಪುಟದಲ್ಲಿ ಬಟನ್ ಇನ್ನೂ 'ಕಾದಿರಿಸಿ' ಅಂತಲೇ ಇತ್ತು."

ಕಳ್ಳನೇ ಇರಲಿಲ್ಲ! ಇಷ್ಟು ದಿನ ಎಲ್ಲರೂ ತಮ್ಮ ಸರದಿಯನ್ನು ತಾವೇ ಕಸಿದುಕೊಂಡು, ಇಲ್ಲದವನನ್ನು ಬೈದಿದ್ದಾರೆ. ನಾನು ಅವರನ್ನು ಬೈದಿದ್ದೇನೆ.

"ಅಲ್ಲಮ್ಮ, ಏನೂ ಆಗದಿದ್ರೆ ಸ್ವಲ್ಪ ಕಾಯೋದು ಬಿಟ್ಟು ಎಲ್ಲರೂ ಯಾಕೆ ಮತ್ತೆ ಒತ್ತುತ್ತಾರೆ?"

ಕಿವಿಮುಚ್ಚಿ ಪುಟದ ಮೇಲ್ಗಡೆ ಬೆರಳಿಟ್ಟಳು. ದಪ್ಪಕ್ಷರದಲ್ಲಿ: "ಪ್ರತಿಕ್ರಿಯೆ ಕಾಣದಿದ್ದಲ್ಲಿ ಮತ್ತೊಮ್ಮೆ ಒತ್ತಿರಿ."

"ನಿಮ್ಮ ವಾಕ್ಯ ಸರ್. ಈ ಆಸ್ಪತ್ರೇಲಿ ಜನ ಓದಿ ಪಾಲಿಸಿದ ಮೊದಲ ಸೂಚನೆ."

ಮನೆಗೆ ಬಂದು ಹೇಳಿದೆ. "ನಿನ್ನ ಸರದಿ ಕಸಿಯೋರು ಯಾರು ಅಂತ ಗೊತ್ತಾಯ್ತಕ್ಕ."

"ಯಾರೋ?"

"ನೀನೇ."

ಪೂರ್ತಿ ಕೇಳಿಸಿಕೊಂಡಳು. "ಅಷ್ಟು ದಿನ ಬಾಯಿಗೆ ಬಂದ ಹಾಗೆ ಬೈದೆನಲ್ಲೋ. ಅಷ್ಟೂ ನನಗೇ ತಗುಲಿತಾ?"

ಎರಡು ದಿನದ ಮೇಲೆ ಇಬ್ಬರೂ ನಕ್ಕೆವು. ಸುಳ್ಳಿ ಅಂದದ್ದಕ್ಕೆ ಏನು ಹೇಳಬೇಕೋ ತೋಚಲಿಲ್ಲ. ಪದಗಳ ಅಧಿಕಾರಿ ನಾನು.

ಫೆಬ್ರವರಿ 15, ಶನಿವಾರ

ಒಂದೇ ಸಲ ಒತ್ತಿದಳು. ಫೋನನ್ನು ಕೆಳಗಿಟ್ಟು, ಎಡಗೈ ಮೇಲೆ ತಾನೇ ಕೂತುಬಿಟ್ಟಳು, ತಪ್ಪಿ ಹೋಗಿ ಒತ್ತೀತು ಅಂತ. ನಾನೂ ಕೈಕಟ್ಟಿ ನಿಂತೆ. ಗೊಂಬೆ ಕೈಬೀಸಿತು, ಬೀಸಿತು, ಬೀಸಿತು. ಆಮೇಲೆ ಹಸಿರು ಅಕ್ಷರ. ಸೋಮವಾರಕ್ಕೆ ಸಿಕ್ಕಿತು!

ನನ್ನ ವಾಕ್ಯವನ್ನು ಅಳಿಸಿ "ಒಮ್ಮೆ ಮಾತ್ರ ಒತ್ತಿರಿ" ಎಂದು ಬರೆದೆ. ಸಾಕಲ್ಲ?

ಫೆಬ್ರವರಿ 17, ಸೋಮವಾರ

ಸಾಲದು. ಇವತ್ತೂ ಅಷ್ಟೇ ರದ್ದತಿಗಳು. ಕಲ್ಲಿನಂಥ ಬಟನ್ನನ್ನು ಒತ್ತಿ ಸುಮ್ಮನೆ ಕೂರುವುದಕ್ಕೆ ಗುಂಡಿಗೆ ಬೇಕು.

ಅಕ್ಕ ಮೊದಲ ಚಿಕಿತ್ಸೆ ಮುಗಿಸಿ ಬಂದವಳೇ ನನ್ನ ಕಚೇರಿಗೆ ನುಗ್ಗಿದಳು.

"ಅಷ್ಟು ದೊಡ್ಡ ಕೋಣೇಲಿ ನಾನೊಬ್ಬಳೇ ಕಣೋ! ಹೊರಗೆ ಒಬ್ಬ ಬಡಗಿ ನಿಂತಿದ್ದ. ಗರಗಸಕ್ಕೆ ಎರಡು ಬೆರಳು ಕೊಟ್ಟು ಹೊಲಿಸಿಕೊಂಡಿದ್ದಾನೆ. ಸರದಿ ಇಲ್ಲ ಅಂತ ಒಳಗೆ ಬಿಡಲ್ಲ. ಖಾಲಿ ಕೋಣೇನ ಬಾಗಿಲಲ್ಲಿ ನಿಂತು ನೋಡ್ತಿದ್ದಾನೆ. ಒಂದೇ ಸಲ ಒತ್ತಪ್ಪಾ ಅಂತ ಹೇಳಿಬಂದೆ. ಎಷ್ಟು ಜನಕ್ಕೆ ಹೇಳ್ತಾ ತಿರುಗಲಿ? ನೀನು ಸರಿ ಮಾಡು."

"ಅದು ನನ್ನ ಕೈಲಿಲ್ಲ. ಈಗ ನಿನಗೆ ಸಿಗ್ತಿದೆಯಲ್ಲ, ಸುಮ್ಮನಿರು. ಸರಿ ಮಾಡಿದ್ರೆ ಎಲ್ಲರಿಗೂ ಸಿಗುತ್ತೆ, ನಿನಗೇ ತಪ್ಪುತ್ತೆ."

"ಸಿಗದಿದ್ರೆ ನಿಜವಾದ ಕಳ್ಳನ್ನ ಬೈತೀನಿ. ಮತ್ತೆ, ಕೋಣೆ ಖಾಲಿ ಇದ್ರೆ ಇಪ್ಪತ್ತಾರಕ್ಕೆ ಬಾಗಿಲು ಹಾಕ್ತಾರಂತಲ್ಲ. ಆಮೇಲೆ ನನಗೆ ಸಿಗೋದಾದ್ರೂ ಏನು, ಬೀಗನಾ?"

ವಾದದಲ್ಲಿ ಇವಳನ್ನು ಗೆಲ್ಲಲು ಅಪ್ಪನಿಗೂ ಆಗುತ್ತಿರಲಿಲ್ಲ.

ಫೆಬ್ರವರಿ 18, ಮಂಗಳವಾರ

ಎಂಟಕ್ಕೆ ಮುಂಚೆ ಅಕ್ಕನ ಫೋನು ಹಿಡಿದು ತೊಂಬತ್ತಾರು ಅವರ ಕೋಣೆಗೆ ಹೋದೆ. "ಸರ್, ನೀವೇ ಒಂದು ಸರದಿ ಹಿಡಿದು ನೋಡಿ."

ಅಕ್ಕನ ಫೋನನ್ನು ಮುಟ್ಟಲೂ ಇಲ್ಲ. ತಮ್ಮ ಹೊಸ ಫೋನು ತೆಗೆದರು, ಒತ್ತಿದರು, ಕಣ್ಣು ಮಿಟುಕಿಸುವಷ್ಟರಲ್ಲಿ ಸ್ವಂತ ಹೆಸರಿಗೆ ಕೈ ಚಿಕಿತ್ಸೆ ಸಿಕ್ಕಿತು.

"ನೋಡಿದ್ರಾ? ತೊಂಬತ್ತಾರು ಅಂದ್ರೆ ಸುಮ್ನೆನಾ?"

"ಸರ್, ಅದು ಪುಟ ತೆರೆಯೋ ವೇಗ. ಒತ್ತಿದ ಮೇಲಿಂದು ಬೇರೆ. ನಿಮ್ಮ ಫೋನು ಹೊಸದು. ಹಳೇ ಫೋನಿನವರಿಗೆ ಆ ಗೊಂಬೆಯಿಂದ..."

"ಗೊಂಬೆ ತಂಟೆಗೆ ಬರಬೇಡಿ. ವೆಬ್‌ಸೈಟಲ್ಲಿ ಏನಾದ್ರೂ ಬದಲಾಯಿಸೋದಿದ್ರೆ ಮುಂದಿನ ವರ್ಷದ ಯೋಜನೇಲಿ ಹಾಕಿ. ಪದ ಗಿದ ತಿದ್ದೋದಿದ್ರೆ ನೀವೇ ತಿದ್ಕೊಳ್ಳಿ, ಅದಕ್ಕೆಲ್ಲ ನನ್ನ ಹತ್ರ ಬರಬೇಡಿ."

ಹಿಡಿದ ಸರದಿಯನ್ನು ರದ್ದು ಮಾಡಲೂ ಇಲ್ಲ, ಚಿಕಿತ್ಸೆಗೆ ಹೋಗುವವರೂ ಅಲ್ಲ. ನಾಳೆ ಬಡಗಿ ಮತ್ತೆ ಬಾಗಿಲಲ್ಲಿ. ಅಂಕವಿದೆ, ಅಂಕೆಯಿಲ್ಲ. ಹಲ್ಲು ಕಡಿದು ಕಡಿದು ದವಡೆ ನೋಯುತ್ತಿದೆ. ದಂತ ವಿಭಾಗದ ಸರದಿ ಬೇರೆ ಹಿಡಿಯಬೇಕೇನೋ.

ಫೆಬ್ರವರಿ 19, ಬುಧವಾರ

ಕಿವಿಮುಚ್ಚಿಯ ಎದುರು ಕೂತು ಗೋಳಾಡಿದೆ. ಪೂರ್ತಿ ಕೇಳಿ ಅವಳು ಎರಡು ಪ್ರಶ್ನೆ ಹಾಕಿದಳು.

"ಪದ ತಿದ್ದೋಕೆ ಯಾರ ಅಪ್ಪಣೆ ಬೇಕು ಸರ್?"

"ನನ್ನದೇ."

"ಬಟನ್ ಮೇಲಿರೋದು?"

"ಪದ."

"ಹಾಗಾದ್ರೆ ಒತ್ತಿದ ಕೂಡ್ಲೆ ಆ ಪದ ಬದಲಾಗ್ಲಿ ಅಂತ ನೀವೊಂದು ಸಾಲು ಬರೆದುಕೊಡಿ. ಬದಲಾದ ಪದದ ಮೇಲೆ ಎಷ್ಟು ಒತ್ತಿದ್ರೂ ಅದು ಬಟನ್ನೇ ಅಲ್ಲ. ಗುಮಾಸ್ತನಿಗೂ ಹೇಳ್ತೀನಿ, ಮೊದಲು ಪದ ಬದಲಾಯಿಸು, ಆಮೇಲೆ ಗೊಂಬೆ ಕೈ ಬೀಸಿಸು ಅಂತ. ಗೊಂಬೆ ತಂಟೆಗೆ ಹೋಗಿಲ್ಲವಲ್ಲ, ಸ್ವಲ್ಪ ಕಾಯಿಸಿದ್ವಿ ಅಷ್ಟೆ."

ಇವಳು ಕಾನೂನು ಓದಬೇಕಿತ್ತು.

"ಆದ್ರೆ ಸರದಿ ನಿಜವಾಗಿ ಸಿಗೋಕೆ ಅಷ್ಟೇ ಹೊತ್ತು ಹಿಡಿಯುತ್ತಲ್ಲಮ್ಮ? ವೇಗ ಎಲ್ಲಿ ಹೆಚ್ಚಾಯ್ತು?"

"ಈ ಅಳತೆ ಉತ್ತರ ಸಿಗೋವರೆಗಿಂದಲ್ಲ ಸರ್. ಕೇಳಿಸ್ತು ಅನ್ನೋ ಗುರುತು ಕಾಣೋವರೆಗಿಂದು. ಕೇಳಿಸಿದೆ ಅಂತ ಗೊತ್ತಾದ್ರೆ ಜನ ಕಾಯ್ತಾರೆ."

ಆ ಒಂದು ಸಾಲಿಗೆ ಬೆಳಗಿನಿಂದ ಸಂಜೆಯವರೆಗೆ ಕೂತೆ. "ತಮ್ಮ ಕೋರಿಕೆಯನ್ನು ಸ್ವೀಕರಿಸಲಾಗಿದೆ." ಛೆ. "ಪರಿಶೀಲನೆಯಲ್ಲಿದೆ." ಥೂ, ಆಫೀಸಿನ ಕಡತದ ವಾಸನೆ. ಕೊನೆಗೆ ಬೇಸತ್ತು, ಬಡಗಿ ಎದುರಿಗಿದ್ದರೆ ಏನು ಹೇಳುತ್ತಿದ್ದೆನೋ ಅದನ್ನೇ ಬರೆದೆ: "ಒತ್ತಿದ್ದು ಗೊತ್ತಾಯಿತು. ಸ್ವಲ್ಪ ತಾಳಿ." ಎಂ.ಎ. ಓದಿ ಇಷ್ಟೇನಾ.

ಫೆಬ್ರವರಿ 20, ಗುರುವಾರ

ಒಂದೂ ರದ್ದಿಲ್ಲ. ಒಂದೂ!

ಅಕ್ಕನಿಗೆ ಸರದಿ ಸಿಗಲಿಲ್ಲ.

ಫೆಬ್ರವರಿ 21, ಶುಕ್ರವಾರ

ಇವತ್ತೂ ಇಲ್ಲ. "ಅನುಭವಿಸು" ಎಂದು ಕೂಗಾಡಿದೆ. "ಎಲ್ಲರಿಗೂ ಸರಿ ಮಾಡು ಅಂದೆಯಲ್ಲ!"

ಬಟಾಣಿ ಸುಲಿಯುತ್ತಿದ್ದಳು, ಎಡಗೈಯಲ್ಲಿ, ಒಂದೊಂದೇ. "ಒತ್ತಿದ್ದು ಗೊತ್ತಾಯಿತು, ಸ್ವಲ್ಪ ತಾಳು" ಎಂದಳು.

ಕಾಳು ಅರ್ಧ ಅವಳ ಬಟ್ಟಲಿಗೆ, ಅರ್ಧ ನೆಲಕ್ಕೆ. ನೆಲದವನ್ನು ನಾನು ಆರಿಸಿದೆ. ಊಟ ತೀರಾ ತಡವಾಯಿತು.

ಫೆಬ್ರವರಿ 24, ಸೋಮವಾರ

ಹಳೇ ದೂರುಗಳಿಗೆಲ್ಲ ಮತ್ತೆ ಉತ್ತರ ಬರೆಯುತ್ತಿದ್ದೇನೆ. ಯಾರೂ ಹೇಳಿದ್ದಲ್ಲ. ಅಂಟಿಸಲು ಒಂದೇ ವಾಕ್ಯ ಸಾಲುತ್ತಿಲ್ಲ. ಬಸ್ ಚಾಲಕನ ಮಣಿಕಟ್ಟಿನ ಸಂಗತಿಯೇ ಬೇರೆ, ಪಿಟೀಲು ಕಲಿಸುವವರ ಹೆಬ್ಬೆರಳಿನದೇ ಬೇರೆ. ಪಿಟೀಲಿನವರು ಫೋನ್ ಮಾಡಿ ತಮ್ಮ ಕಥೆಯನ್ನೆಲ್ಲ ಹೇಳಿದರು. ಊಟದ ಹೊತ್ತು ಮೀರಿಹೋಯಿತು. ಕೆಲಸ ರಾಶಿ ಬಿದ್ದಿದೆ. ಈ ಹುದ್ದೆ ಯಾರಿಗೂ ಬೇಡ.

ಅಕ್ಕನಿಗೆ ಇವತ್ತೂ ಸಿಗಲಿಲ್ಲ. ಬಲಗೈ ಬೆರಳುಗಳನ್ನು ನೋಡುತ್ತಾ ಕೂತಿದ್ದಳು. ಆಫೀಸಿನ ಕಂಪ್ಯೂಟರಿನ ನೆನಪು ನನಗೂ ಬಂತು, ಅವಳಿಗೂ ಬಂದಿರಬೇಕು. ಇಬ್ಬರೂ ಆ ಮಾತು ಎತ್ತಲಿಲ್ಲ.

ಫೆಬ್ರವರಿ 26, ಬುಧವಾರ

ಸಭೆ. ತೊಂಬತ್ತಾರು ಅವರು ಅತಿಥಿ ಕೊಠಡಿಯ ನಕ್ಷೆ ಬಿಡಿಸುವ ಮೊದಲೇ ಚಿಕಿತ್ಸಕಿ ಬಾಗಿಲು ತೆರೆದು "ಒಮ್ಮೆ ಹೊರಗೆ ಬಂದು ನೋಡಿ" ಎಂದರು. ಬೆಂಚು ಭರ್ತಿ. ಕಟ್ಟು ಹಾಕಿದ ಕೈಗಳನ್ನು ಎದೆಗೊತ್ತಿಕೊಂಡು ಗೋಡೆಗೊರಗಿ ನಿಂತವರು ಬೇರೆ. ತುದಿಯಲ್ಲಿ ಬಡಗಿ ಕೂತು ಸ್ಪಂಜಿನ ಉಂಡೆ ಹಿಸುಕುತ್ತಿದ್ದ.

"ಇಷ್ಟು ಜನ ಎಲ್ಲಿದ್ರು?" ಎಂದರು.

"ಇಲ್ಲೇ ಸರ್. ಒತ್ತುತ್ತಾ ಇದ್ರು" ಎಂದೆ.

ಕೊಠಡಿ ಉಳಿಯಿತು. ಸಂಜೆಗೆ ಒಂದು ಗಂಟೆ ಹೆಚ್ಚು ತೆರೆದಿಡಲೂ ಒಪ್ಪಿಗೆ ಸಿಕ್ಕಿತು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಬುಸುಗುಟ್ಟಿದರು: ಅಂಕ ಈಗ ತೊಂಬತ್ತೊಂದಕ್ಕೆ ಇಳಿದಿದೆಯಂತೆ. ಒತ್ತುವವರ ಲೆಕ್ಕ ಹಿಡಿಯಲು ಕಿವಿಮುಚ್ಚಿ ಪುಟದಲ್ಲಿ ಒಂದು ಅಳತೆಗೋಲು ಇಟ್ಟಿದ್ದಾಳೆ, ಆ ಅಳತೆಗೋಲಿಗೂ ಸ್ವಲ್ಪ ತೂಕ.

"ಗೋಡೆ ಮೇಲೆ ಏನಂತ ಹಾಕೋಣ್ರೀ ಈಗ?"

ಇವರಿಗೆ ಹೊಸ ಹೆಸರು ಹುಡುಕಬೇಕಾಯಿತಲ್ಲ ಎನ್ನುವುದೇ ನನ್ನ ಚಿಂತೆ.

ಫೆಬ್ರವರಿ 28, ಶುಕ್ರವಾರ

ನಿನ್ನೆ ಅಕ್ಕನಿಗೆ ಸರದಿ ಸಿಕ್ಕಿತ್ತು, ಇವತ್ತು ಸಂಜೆಯದು, ಹೊಸ ಗಂಟೆಯಲ್ಲಿ. ತಾನೇ ಒತ್ತಿ, ತಾನೇ ಕಾದು. ಹೊರಗಿನ ಬೆಂಚಿನಲ್ಲಿ ನಾನೂ ಕೂತೆ. ಒಳಗಿನಿಂದ ಚಿಕಿತ್ಸಕಿಯ ಧ್ವನಿ: "ಮಡಚಿ. ಇನ್ನೂ. ಇನ್ನೂ ಸ್ವಲ್ಪ." ಉತ್ತರವಿಲ್ಲ. ಅಷ್ಟು ಹೊತ್ತು ಅಕ್ಕ ಬಾಯಿಮುಚ್ಚಿದ್ದನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ.

ಹೊರಗೆ ಬಂದಳು. ಚಿಕಿತ್ಸಕಿಯೂ ಬಂದರು. ಮೂರು ಬೆರಳು ಪಳಗುತ್ತವೆ, ಬಿಡದೆ ಬಂದರೆ ಕತ್ತರಿ ಹಿಡಿಯಬಹುದು ಎಂದರು. ಕಿರುಬೆರಳಿಗೆ ಮಾತ್ರ ತಡವಾಗಿಹೋಗಿದೆ, ಅದು ಪೂರ್ತಿ ಮಡಚುವುದು ಅನುಮಾನ.

"ಮುಖ ಯಾಕೆ ಹಾಗೆ ಮಾಡ್ತೀಯೋ" ಎಂದಳು ಅಕ್ಕ. "ಹೊಲಿಗೇಲಿ ಕಿರುಬೆರಳು ಎಲ್ಲಿ ಕೆಲಸ ಮಾಡುತ್ತೆ? ಉಳಿದೋರು ದುಡೀತಾರೆ, ಅದು ಪಕ್ಕದಲ್ಲಿ ನೆಟ್ಟಗೆ ನಿಂತಿರುತ್ತೆ. ಅದು ನಿಮ್ಮ ಮುಖ್ಯಸ್ಥರ ಥರ."

ಬಸ್ ನಿಲ್ದಾಣದಲ್ಲಿ ಗಾಳಿ ಜೋರಾಗಿತ್ತು. ಅವಳು ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದಳು, ಬಲಗೈಯಿಂದಲೇ. ಚಿಕಿತ್ಸಕಿ ಹೇಳಿದ್ದಂತೆ. ಮೇಲಿನದು ಆಯಿತು. ಎರಡನೆಯದು ಜಾರಿತು, ಮತ್ತೆ ಹಿಡಿದಳು, ಮತ್ತೆ ಜಾರಿತು. ಬಸ್ಸು ಬಂತು. ನಾವಿಬ್ಬರೂ ಹತ್ತದ್ದನ್ನು ನೋಡಿ ಹೊರಟೇಹೋಯಿತು. ಇನ್ನೊಂದು ಬಂತು. ಅದರವನಂತೂ ಪೂರ್ತಿ ನಿಲ್ಲಿಸಲೂ ಇಲ್ಲ, ಹಾರನ್ ಹೊಡೆದು ಹೋದ.

ಈ ಊರಿನ ಬಸ್ಸಿನವರಿಗೆ ಏನಾಗಿದೆ ಅಂತ ನಾನು ಕೇಳುತ್ತೇನೆ. ನಿಂತಿರುವ ಮನುಷ್ಯರು ಕಣ್ಣೆದುರಿಗಿದ್ದಾರೆ, ಕೈಯಲ್ಲಿ ಏನೋ ನಡೆಯುತ್ತಿದೆ ಅಂತ ಕಾಣುತ್ತಿದೆ. ಒಂದು ಗುಂಡಿ ಹಾಕುವಷ್ಟು ಹೊತ್ತು ಬಾಗಿಲು ತೆರೆದು ನಿಂತರೆ ಇವರಪ್ಪನ ಗಂಟೇನು ಹೋಗುತ್ತದೆ? ನಾಳೆ ಬೆಳಿಗ್ಗೆ ಮೊದಲ ಕೆಲಸ, ಸಾರಿಗೆ ಕಚೇರಿಗೆ ಒಂದು ದೂರು ಬರೆಯುವುದು.